ಬಟವಾಡಿ: ಬಡಾವಣೆ ಊರಾಗುವ ಬಗೆ

ನಗರವೊಂದರ ಚರಿತ್ರೆಯನ್ನು ಬರೆಯಹೊರಟವರು ಕೋಟೆಯಿಂದಲೋ, ಅರಮನೆಯಿಂದಲೋ, ಹಳೆಯ ದೇವಾಲಯದ ಶಾಸನದಿಂದಲೋ ಆರಂಭಿಸುವುದು ವಾಡಿಕೆ. ಬಡಾವಣೆಗೆ ಆ ಭಾಗ್ಯವಿಲ್ಲ. ಅದನ್ನು ಕಟ್ಟಿಸಿದ ಪಾಳೆಯಗಾರನಿಲ್ಲ, ಹಾಡಿದ ಲಾವಣಿಕಾರನಿಲ್ಲ. ಅದರ ಹುಟ್ಟಿಗೆ ಸಾಕ್ಷಿಯಾಗಿ ಉಳಿಯುವುದು ತಾಲ್ಲೂಕು ಕಚೇರಿಯ ಪಹಣಿ, ಸಬ್ ರಿಜಿಸ್ಟ್ರಾರರ ಮುಂದೆ ನೋಂದಾದ ಕ್ರಯಪತ್ರ, ಪುರಸಭೆಗೆ ಕಂದಾಯ ಕಟ್ಟಿದ ರಸೀದಿ, ಇಷ್ಟೆ. ಆದರೆ ಇಂದು ನಮ್ಮ ನಾಡಿನ ಪಟ್ಟಣವಾಸಿಗಳಲ್ಲಿ ಬಹುಮಂದಿ ಬಾಳುತ್ತಿರುವುದು ಕೋಟೆಯಲ್ಲೂ ಅಲ್ಲ, ಪೇಟೆಯಲ್ಲೂ ಅಲ್ಲ, ಬಡಾವಣೆಗಳಲ್ಲಿ. ನಮ್ಮ ಮಕ್ಕಳು ಓದು ಕಲಿತದ್ದು ಅಲ್ಲಿ. ನಮ್ಮ ಹಿರಿಯರು ಕಣ್ಣು ಮುಚ್ಚಿದ್ದೂ ಅಲ್ಲಿಯೇ. ಆದ್ದರಿಂದ ಬಡಾವಣೆಗೂ ಒಂದು ಚರಿತ್ರೆಯುಂಟೆಂದು, ಅದನ್ನು ಬಲ್ಲವರಾಗುವುದು ಅಲ್ಲಿ ವಾಸಿಸುವವರ ಹೊಣೆಯೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಈ ಮಾತನ್ನು ಬರಿಯ ಸಿದ್ಧಾಂತವಾಗಿ ಬಿಡದೆ ಒಂದು ಸ್ಥಳವನ್ನು ಮುಂದಿಟ್ಟುಕೊಂಡು ನೋಡೋಣ. ಬೆಂಗಳೂರಿನ ಕಡೆಯಿಂದ ತುಮಕೂರಿಗೆ ಬರುವವರು ಮೊದಲು ಕ್ಯಾತ್ಸಂದ್ರವನ್ನು ಸೇರುತ್ತಾರೆ. ಬಲಗಡೆಗೆ ಬೆಟ್ಟದ ತಪ್ಪಲಿನಲ್ಲಿ ಸಿದ್ಧಗಂಗಾ ಕ್ಷೇತ್ರ. ಹಾದಿಯ ಬದಿಯಲ್ಲಿ ನಾಡಿಗೆಲ್ಲ ಹೆಸರಾದ ತಟ್ಟೆ ಇಡ್ಲಿಯ ಹೋಟೆಲುಗಳು. ಅಲ್ಲಿಂದ ಪೇಟೆಯ ಕಡೆಗೆ ಸಾಗಿದರೆ ನಡುವೆ ಸಿಕ್ಕುವುದು ಬಟವಾಡಿ. ಒಂದು ಕಾಲಕ್ಕೆ ತುಮಕೂರಿನ ಅಂಚಿನ ಹಳ್ಳಿಗಳಲ್ಲೊಂದಾಗಿದ್ದ ಇದು ಈಗ ನಗರದೊಳಗಿನ ಬಡಾವಣೆ. ‘ತುಮಕೂರು ಎಲ್ಲಿ ಆರಂಭವಾಗುತ್ತದೆ?’ ಎಂಬ ಪ್ರಶ್ನೆಗೆ ಒಂದೊಂದು ತಲೆಮಾರಿನವರು ಒಂದೊಂದು ಉತ್ತರ ಕೊಡುತ್ತಾರೆ. ಅಜ್ಜನಿಗೆ ಅದು ಪೇಟೆಯ ಮೊದಲ ಅಂಗಡಿ, ಮಗನಿಗೆ ಕಾಲೇಜು, ಮೊಮ್ಮಗನಿಗೆ ಬೈಪಾಸು. ಊರಿನ ಬಾಗಿಲು ಹೀಗೆ ಹೊರಕ್ಕೆ ಹೊರಕ್ಕೆ ಸರಿಯುತ್ತ ಬಂದಾಗ, ಹಿಂದೆ ಬಾಗಿಲ ಹೊರಗಿದ್ದ ಹಳ್ಳಿ ಮನೆಯೊಳಗಣ ಕೋಣೆಯಾಗುತ್ತದೆ. ಬಟವಾಡಿಯ ಕಥೆ ಸ್ಥೂಲವಾಗಿ ಇದೇ.

ಬಟವಾಡಿಯೆಂಬ ಹೆಸರು ಕಿವಿಗೆ ಬಿದ್ದೊಡನೆ ‘ಬಟವಾಡೆ’ ಎಂಬ ಮಾತು ನೆನಪಾಗುವುದು ಸಹಜ. ನಮ್ಮ ಕಚೇರಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಮಾತು ಅದು. ತಿಂಗಳ ಸಂಬಳವನ್ನು ಹಂಚುವುದು ಬಟವಾಡೆ. ಅಂಚೆಯವನು ಕಾಗದಗಳನ್ನು ಮನೆಮನೆಗೆ ಮುಟ್ಟಿಸುವುದೂ ಬಟವಾಡೆಯೇ. ಶಬ್ದಗಳ ಹೋಲಿಕೆಯ ಮೇಲೆ ಸ್ಥಳಚರಿತ್ರೆಯ ಗೋಡೆ ಕಟ್ಟುವುದು ತರವಲ್ಲ. ಆ ಕೆಲಸಕ್ಕೆ ನಾನು ಇಳಿಯುವುದಿಲ್ಲ. ಆದರೆ ಹಂಚಿಕೆಯೆಂಬ ಈ ಅರ್ಥ ಬಡಾವಣೆಯ ಬಾಳನ್ನು ವಿಚಾರಿಸಲು ಒಳ್ಳೆಯ ಕೈದೀವಿಗೆಯಾಗಬಲ್ಲುದು. ಬಡಾವಣೆಯೆಂದರೆ ಮೂಲತಃ ಹಂಚಿಕೆ. ಹೊಲವನ್ನು ನಿವೇಶನಗಳಾಗಿ ಹಂಚುತ್ತಾರೆ. ನೀರನ್ನು ನಲ್ಲಿಗಳಿಗೆ ಹಂಚುತ್ತಾರೆ. ಹೀಗೆ ಹಂಚುತ್ತ ಹೋದಾಗ ಹಂಚದೆ ಉಳಿಸಿಕೊಂಡದ್ದು ಏನು? ಬಡಾವಣೆ ಊರಾಗುವುದೂ ಆಗದಿರುವುದೂ ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆಯೆಂದು ನನ್ನ ಎಣಿಕೆ.

ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಈ ‘ಹಂಚದ ಭಾಗ’ ದೊಡ್ಡದಾಗಿತ್ತು. ಮನೆಗಳಿರುವ ಗ್ರಾಮಠಾಣ ಒಂದು. ಉಳುವ ಹೊಲಗದ್ದೆಗಳು ಒಂದು. ಇವೆರಡೂ ಮನೆತನಗಳಲ್ಲಿ ಹಂಚಿಹೋಗಿದ್ದವು. ಆದರೆ ದನಕರು ಮೇಯುವ ಗೋಮಾಳ, ಮಾವು ಹುಣಸೆಗಳ ಗುಂಡುತೋಪು, ಕೆರೆ, ಕೆರೆಗೆ ನೀರು ತರುವ ಹಳ್ಳ, ಅರಳಿಮರದ ಕಟ್ಟೆ, ಕಣ, ಮಸಣ, ಇವು ಎಲ್ಲರವೂ ಆಗಿದ್ದವು. ಎಲ್ಲರಿಗೂ ಸಮನಾಗಿ ದಕ್ಕುತ್ತಿದ್ದವೆಂದು ಹೇಳಿದರೆ ಅದು ಸುಳ್ಳಾದೀತು. ಬಾವಿಯ ನೀರಿನಲ್ಲೂ ದೇವಸ್ಥಾನದ ಹೊಸ್ತಿಲಲ್ಲೂ ಜಾತಿಯ ಗೆರೆ ಎಳೆದಿದ್ದ ಸಮಾಜ ಅದು; ಆ ಗೆರೆಯ ಹೊರಗೆ ನಿಂತವರ ನೋವನ್ನು ಮರೆತು ಹಳ್ಳಿಯನ್ನು ಹೊಗಳುವುದು ನ್ಯಾಯವಲ್ಲ. ಆದರೂ ಸಾಮುದಾಯಿಕವಾದ ಆಸ್ತಿಯೊಂದಿದೆ, ಅದನ್ನು ನೋಡಿಕೊಳ್ಳಲು ಗೊತ್ತಾದ ಜನರಿದ್ದಾರೆ ಎಂಬ ತಿಳಿವು ಅಲ್ಲಿತ್ತು. ಕೆರೆಯ ತೂಬನ್ನು ಎತ್ತಿ ಇಳಿಸಲು ನೀರುಗಂಟಿ, ಕಾವಲಿಗೆ ತಳವಾರ, ಲೆಕ್ಕಕ್ಕೆ ಶ್ಯಾನುಭೋಗ, ಇವರೆಲ್ಲ ಆ ವ್ಯವಸ್ಥೆಯ ಅಂಗಗಳು. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು 1961ರ ಶಾಸನ ರದ್ದುಗೊಳಿಸಿತು. ಹಳೆಯ ದರ್ಪಕ್ಕೆ ಅದರಿಂದ ಕೊನೆಯಾದದ್ದು ಒಳ್ಳೆಯದೇ. ಆದರೆ ಅದರೊಡನೆ ಕೆರೆಯ ತೂಬಿನ ಬಳಿ ನಿಲ್ಲುವವನು ಯಾರು ಎಂಬ ಪ್ರಶ್ನೆಗೂ ಉತ್ತರವಿಲ್ಲದಂತಾಯಿತು.

ಇನ್ನು ಹಳ್ಳಿಯನ್ನು ನಗರದ ಕಡೆಗೆ ಎಳೆದ ಶಕ್ತಿಗಳಾವುವು? ಮೊದಲನೆಯದು ದಾರಿ. ತುಮಕೂರಿನ ನಡುವೆ ಹಾದುಹೋಗುವ ಬಿ. ಎಚ್. ರಸ್ತೆಯೆಂಬ ಹೆಸರನ್ನು ದಿನಕ್ಕೆ ಹತ್ತು ಸಲ ಹೇಳುವವರಿಗೂ ಅದರ ಪೂರ್ಣರೂಪ ನೆನಪಿಗೆ ಬಾರದು: ಬೆಂಗಳೂರು–ಹೊನ್ನಾವರ ರಸ್ತೆ. ಬಯಲುಸೀಮೆಯ ಈ ಹಾದಿಯ ಇನ್ನೊಂದು ತುದಿಯಲ್ಲಿ ಕಡಲಿದೆ. ಅದರ ಜೊತೆಗೆ ಮದರಾಸನ್ನೂ ಮುಂಬಯಿಯನ್ನೂ ಕೂಡಿಸುವ ಹೆದ್ದಾರಿ; ಬಹುಕಾಲ ನಾಲ್ಕನೆಯ ಸಂಖ್ಯೆಯಲ್ಲಿ ಹೆಸರಾಗಿದ್ದು ಈಗ ನಲವತ್ತೆಂಟು ಎನಿಸಿಕೊಂಡಿದೆ. ಎರಡನೆಯದು ರೈಲು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಉಗಿಬಂಡಿ ಓಡಲಾರಂಭಿಸಿತು. ಆ ಹಳಿಗಳು ಅಂದು ರಾಗಿ, ಎಣ್ಣೆಕಾಳು, ಕೊಬ್ಬರಿಗಳಿಗೆ ಹೊಸ ಪೇಟೆಯನ್ನು ಕಾಣಿಸಿದವು. ಇಂದು ಅವೇ ಹಳಿಗಳು ಬೆಳಗಿನ ಹೊತ್ತು ಸಾವಿರಾರು ಮಂದಿ ನೌಕರರನ್ನು ರಾಜಧಾನಿಗೆ ಕೊಂಡೊಯ್ದು ಸಂಜೆ ಹಿಂದಕ್ಕೆ ತಂದು ಬಿಡುತ್ತವೆ. ಎಪ್ಪತ್ತು ಕಿಲೋಮೀಟರು ದೂರದ ಊರಿನಲ್ಲಿ ದುಡಿದು ಇಲ್ಲಿ ಮಲಗುವ ಜನ ಬಡಾವಣೆಯ ಬಾಳಿಗೆ ಹೊಸದೊಂದು ಲಯವನ್ನು ತಂದಿದ್ದಾರೆ. ಇವರ ನೆರೆಹೊರೆ ಎಷ್ಟೋ ವೇಳೆ ಬೀದಿಯಲ್ಲಿ ಇರುವುದಿಲ್ಲ, ರೈಲಿನ ಡಬ್ಬಿಯಲ್ಲಿ ಇರುತ್ತದೆ.

ಮೂರನೆಯದು ವಿದ್ಯೆ. ಸಿದ್ಧಗಂಗಾ ಮಠದ ವತಿಯಿಂದ 1963ರಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ನಗರದ ಪೂರ್ವಕ್ಕೆ ಬಿ. ಎಚ್. ರಸ್ತೆಯಲ್ಲಿ ನಿಂತ ಆ ವಿದ್ಯಾಲಯ ಸುತ್ತಣ ಭೂಮಿಯ ಸ್ವರೂಪವನ್ನೇ ಬದಲಿಸಿತೆನ್ನಬೇಕು. ಅಧ್ಯಾಪಕರು ಬಂದರು; ದೂರದೂರದ ಜಿಲ್ಲೆಗಳಿಂದ, ಹೊರ ರಾಜ್ಯಗಳಿಂದ ವಿದ್ಯಾರ್ಥಿಗಳು ಬಂದರು; ಅವರಿಗೆ ಕೋಣೆ, ಊಟ, ಪುಸ್ತಕ ಒದಗಿಸುವವರು ಬಂದರು. 2004ರಲ್ಲಿ ತುಮಕೂರು ವಿಶ್ವವಿದ್ಯಾನಿಲಯವೂ ಸ್ಥಾಪನೆಯಾಯಿತು. ನಾಲ್ಕನೆಯದು ಕೈಗಾರಿಕೆ. 1978ರಲ್ಲಿ ಎಚ್.ಎಂ.ಟಿ.ಯವರ ಕೈಗಡಿಯಾರದ ಕಾರ್ಖಾನೆ ತುಮಕೂರಿಗೆ ಬಂದಾಗ ತಿಂಗಳ ಸಂಬಳವೆಂಬ ಭದ್ರತೆಯ ಮೇಲೆ ನೂರಾರು ಸಂಸಾರಗಳು ಇಲ್ಲಿ ಬೇರೂರಿದವು. ಸಾಲ ಮಾಡಿ ನಿವೇಶನ ಕೊಂಡವರು, ವರ್ಷಕ್ಕೊಂದು ಕೋಣೆಯಂತೆ ಮನೆ ಎಬ್ಬಿಸಿದವರು ಇವರೇ. 2016ರಲ್ಲಿ ಆ ಗಡಿಯಾರಗಳ ಉದ್ದಿಮೆ ಮುಚ್ಚಿಹೋಯಿತು. ಕಾರ್ಖಾನೆ ಹೋದರೂ ಅದರ ಸಂಬಳದಿಂದ ಕಟ್ಟಿದ ಮನೆಗಳು ನಿಂತಿವೆ.

ಐದನೆಯ ಶಕ್ತಿಯೇ ಬಟವಾಡಿಗೆ ತನ್ನದೆನ್ನುವ ಚಹರೆಯನ್ನು ಕೊಟ್ಟದ್ದು: ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣ. ರೈತ ತಂದ ಮಾಲಿಗೆ ಬಹಿರಂಗವಾದ ಹರಾಜು, ಸರಿಯಾದ ತೂಕ, ಕೂಡಲೇ ಹಣ, ಇವು ದೊರೆಯಬೇಕೆಂಬ ಉದ್ದೇಶದಿಂದ 1966ರ ಶಾಸನ ಮಾರುಕಟ್ಟೆ ಸಮಿತಿಗಳಿಗೆ ಅಧಿಕಾರ ನೀಡಿತು. ಹಳೆಯ ಪೇಟೆಯ ಇಕ್ಕಟ್ಟಿನ ಬೀದಿಗಳಲ್ಲಿ ಲಾರಿಗಳು ತಿರುಗಲಾರದ ಕಾಲಕ್ಕೆ ಇಂಥ ಪ್ರಾಂಗಣಗಳು ಊರ ಅಂಚಿಗೆ ಬಂದದ್ದು ನಾಡಿನ ಎಲ್ಲ ಪಟ್ಟಣಗಳಲ್ಲೂ ಕಂಡ ಸಂಗತಿ. ತುಮಕೂರು ಸೀಮೆಯೆಂದರೆ ರಾಗಿ, ನೆಲಗಡಲೆ, ತೆಂಗು, ಅಡಿಕೆ, ಹುಣಸೆ. ಬೇಸಗೆ ಕಾಲಿಡುವ ಹೊತ್ತಿಗೆ ಹುಣಸೆಹಣ್ಣಿನ ಸುಗ್ಗಿ. ಮಾಗಿದ ಹುಳಿಯ ವಾಸನೆ ಗಾಳಿಯಲ್ಲಿ ಹರಡಿದಾಗ ಪಂಚಾಂಗ ನೋಡದೆಯೇ ತಿಂಗಳನ್ನು ಹೇಳಬಹುದು. ಬೆಳಗ್ಗೆ ಗಾಡಿ, ಟೆಂಪೋ, ಲಾರಿಗಳಲ್ಲಿ ಬಂದಿಳಿಯುವ ಮೂಟೆ. ಮೂಟೆಯ ಹಿಂದೆ ರೈತ. ಅವನ ಸುತ್ತ ಮಂಡಿಯವರು, ತೂಕದವರು, ಲೆಕ್ಕದವರು, ಹಮಾಲರು, ಚಹಾದ ಅಂಗಡಿಯವರು, ಗೋಣಿಚೀಲ ಹೊಲಿಯುವ ಹೆಂಗಸರು, ಚೆಲ್ಲಿದ ಕಾಳನ್ನು ಗುಡಿಸಿ ಕೇರುವ ಮುದುಕಿಯರು. ಹಳ್ಳಿಯಾಗಿದ್ದ ನೆಲ ನಗರವಾದ ಮೇಲೂ ನೂರು ಹಳ್ಳಿಗಳು ಅಲ್ಲಿಗೆ ಬಂದು ಹೋಗುತ್ತಿರುವುದು ಬಟವಾಡಿಯ ವೈಶಿಷ್ಟ್ಯ. ಬಹುಪಾಲು ಬಡಾವಣೆಗಳಿಗೆ ಈ ನಂಟು ಉಳಿದಿರುವುದಿಲ್ಲ.

ಇಲ್ಲಿ ಸ್ವಲ್ಪ ಹಿಂದಿರುಗಿ, ನಮ್ಮ ನಾಡಿನಲ್ಲಿ ಬಡಾವಣೆಯೆಂಬ ಕಲ್ಪನೆ ಬೆಳೆದುಬಂದ ಬಗೆಯನ್ನು ನೆನೆಯುವುದು ಉಚಿತ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಗಾಳಿ ಬೆಳಕಿಲ್ಲದ ಪೇಟೆಯ ಓಣಿಗಳಲ್ಲಿ ಜನ ಗುಂಪುಗುಂಪಾಗಿ ಸತ್ತಾಗ, ಊರನ್ನು ಹೊರಕ್ಕೆ ಹರಡದೆ ಗತ್ಯಂತರವಿಲ್ಲವೆಂದು ಸರ್ಕಾರಕ್ಕೆ ಮನವರಿಕೆಯಾಯಿತು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದು ನಿಂತದ್ದು ಆ ಭಯದ ದಿನಗಳಲ್ಲಿ. ನೇರವಾದ ಅಗಲ ರಸ್ತೆಗಳು, ಮನೆಗಳ ಹಿಂದೆ ಕಸ ಸಾಗಿಸುವ ಓಣಿ, ನಡುವೆ ಬಯಲು, ಇವೆಲ್ಲ ಮೊದಲೇ ನಕ್ಷೆಯಲ್ಲಿ ಬರೆದಿದ್ದವು. ಜನ ಆಮೇಲೆ ಬಂದರು. ಮೈಸೂರಿನಲ್ಲಿ 1903ರಲ್ಲಿಯೇ ನಗರ ಸುಧಾರಣೆಗೆಂದು ಪ್ರತ್ಯೇಕವಾದ ಮಂಡಲಿ ಏರ್ಪಟ್ಟಿತು. ಆ ಯೋಜನೆಗಳನ್ನು ಕಣ್ಣು ಮುಚ್ಚಿ ಹೊಗಳಬೇಕಾಗಿಲ್ಲ. ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ನಿವೇಶನಗಳನ್ನು ಜಾತಿ ಪಂಗಡಗಳ ಪ್ರಕಾರ ವಿಂಗಡಿಸಿ ಕೊಟ್ಟದ್ದೂ ಉಂಟು. ಹಳ್ಳಿಯ ಗೆರೆ ನಕ್ಷೆಯ ಗೆರೆಯಾಗಿ ಮುಂದುವರಿಯಿತು.

ಆದರೆ ಬಸವನಗುಡಿ ಊರಾದದ್ದು ನಕ್ಷೆಯಿಂದ ಮಾತ್ರವೆ? ಅಲ್ಲಿಯ ಕಡಲೆಕಾಯಿ ಪರಿಷೆಯನ್ನು ನೋಡಿ. ಕಾರ್ತಿಕದ ಕೊನೆಯ ಸೋಮವಾರ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಮೊದಲಾದ ಹಳ್ಳಿಗಳ ರೈತರು ತಮ್ಮ ಮೊದಲ ಫಸಲನ್ನು ದೊಡ್ಡ ಬಸವಣ್ಣನಿಗೆ ಒಪ್ಪಿಸುತ್ತಿದ್ದರೆಂಬುದು ಪ್ರತೀತಿ. ಆ ಹೊಲಗಳು ಹೋದವು. ನೆಲಗಡಲೆ ಬೆಳೆಯುವವರು ಅಲ್ಲಿ ಇಲ್ಲ. ಆದರೂ ಪರಿಷೆ ನಿಲ್ಲಲಿಲ್ಲ. ದೂರದ ತಾಲ್ಲೂಕುಗಳಿಂದ, ನೆರೆಯ ರಾಜ್ಯಗಳಿಂದ ಕಾಯಿ ತಂದು ಸುರಿಯುತ್ತಾರೆ, ಬಡಾವಣೆಯವರು ಕೊಳ್ಳುತ್ತಾರೆ. ನುಂಗಿಹಾಕಿದ ಹಳ್ಳಿಯ ನೆನಪನ್ನು ಬಡಾವಣೆ ತನ್ನ ಹಬ್ಬವಾಗಿ ಉಳಿಸಿಕೊಂಡಿದೆ. ಅದೇ ಬಸವನಗುಡಿಯಲ್ಲಿ ಡಿ. ವಿ. ಗುಂಡಪ್ಪನವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಬಿ. ಪಿ. ವಾಡಿಯಾ ಅವರ ವಿಶ್ವ ಸಂಸ್ಕೃತಿ ಸಂಸ್ಥೆ ಇವೆ. ಇವೆರಡೂ ಹುಟ್ಟಿದ್ದು 1945ರಲ್ಲಿ. ಮಲ್ಲೇಶ್ವರದವರು 1929ರಷ್ಟು ಹಿಂದೆಯೇ ತಮ್ಮದೊಂದು ಸಂಘವನ್ನು ಕಟ್ಟಿಕೊಂಡರು. ಓದುವ ಮನೆ, ಆಡುವ ಬಯಲು, ಉಪನ್ಯಾಸದ ಜಗಲಿ, ವರ್ಷಕ್ಕೊಮ್ಮೆಯ ಪರಿಷೆ, ಇವು ಯಾರೊಬ್ಬರ ಪಾಲಿಗೂ ಹಂಚಿಹೋಗದೆ ಉಳಿದವು. ಬಸವನಗುಡಿಯವನು ‘ನಾನು ಬಸವನಗುಡಿಯವನು’ ಎಂದು ಹೇಳಿಕೊಳ್ಳುವ ಹೆಮ್ಮೆಯ ಬುಡದಲ್ಲಿರುವುದು ಇವೇ.

ಬೆಂಗಳೂರಿನ ಕಥೆಗೆ ಇನ್ನೊಂದು ಮಗ್ಗುಲೂ ಇದೆ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಬಸ್ಸೂ ಬೇಕು, ಕ್ರೀಡೆಯೂ ಬೇಕು, ನಿಜ. ಆದರೆ ಎಲ್ಲರದಾಗಿದ್ದದ್ದನ್ನು ಯಾರದೂ ಅಲ್ಲವೆಂದು ಬಗೆದಾಗ ಆಗುವುದೇನೆಂಬುದಕ್ಕೆ ಇವು ನಿದರ್ಶನ. ಮಳೆಯ ನೀರಿಗೆ ಮಾತ್ರ ಹಳೆಯ ನಕ್ಷೆ ಮರೆತುಹೋಗುವುದಿಲ್ಲ. ತಗ್ಗಿದ್ದ ಕಡೆಗೆ ಅದು ಬಂದೇ ಬರುತ್ತದೆ.

ಬಟವಾಡಿಯಂಥ ಬಡಾವಣೆಗಳ ಹುಟ್ಟು ಬಸವನಗುಡಿಯದರಂತಲ್ಲ. ಇಲ್ಲಿ ನಕ್ಷೆ ಮೊದಲಾಗಿ ಜನ ಹಿಂದಾದದ್ದು ಕಡಿಮೆ. ಜನ ಮೊದಲು ಬಂದು ನಕ್ಷೆ ಅವರನ್ನು ಹಿಂಬಾಲಿಸಿದ್ದೇ ಹೆಚ್ಚು. ಇದರ ಕ್ರಮವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಸರ್ವೆ ನಂಬರಿನ ಹೊಲ. ಅಣ್ಣತಮ್ಮಂದಿರ ಪಾಲಾಗಿ ಅದು ಉದ್ದುದ್ದನೆಯ ಪಟ್ಟಿಗಳಾಗಿದೆ. ಮಗಳ ಮದುವೆಗೋ ಕೊಳವೆಬಾವಿಯ ಸಾಲಕ್ಕೋ ಒಬ್ಬ ತನ್ನ ಪಟ್ಟಿಯನ್ನು ಮಾರುತ್ತಾನೆ. ಕೃಷಿಯ ಭೂಮಿಯಲ್ಲಿ ಮನೆ ಕಟ್ಟಬೇಕಾದರೆ 1964ರ ಭೂಕಂದಾಯ ಶಾಸನದಂತೆ ಪರಿವರ್ತನೆಯ ಅಪ್ಪಣೆ ಬೇಕು. 1961ರ ನಗರ ಯೋಜನಾ ಶಾಸನದಂತೆ ವಿನ್ಯಾಸದ ನಕ್ಷೆಗೆ ಒಪ್ಪಿಗೆ ಬೇಕು. ಒಪ್ಪಿಗೆ ದೊರೆಯಬೇಕಾದರೆ ರಸ್ತೆ, ಚರಂಡಿ, ಉದ್ಯಾನ, ನಾಗರಿಕ ಸೌಕರ್ಯಗಳಿಗೆಂದು ಜಾಗವನ್ನು ಬಿಟ್ಟುಕೊಡಬೇಕು. ನಾನು ‘ಹಂಚದ ಭಾಗ’ ಎಂದು ಕರೆದದ್ದಕ್ಕೆ ಶಾಸನ ಕೊಟ್ಟ ರೂಪ ಇದೇ. ಆದರೆ ಬಿಟ್ಟುಕೊಟ್ಟ ಜಾಗಕ್ಕೆ ಹಣವಿಲ್ಲ. ಆದ್ದರಿಂದ ಒಪ್ಪಿಗೆಯ ಗೊಡವೆಗೇ ಹೋಗದೆ ಬರಿಯ ಕ್ರಯಪತ್ರದ ಮೇಲೆ ಮಾರಿದ ‘ರೆವಿನ್ಯೂ ನಿವೇಶನ’ಗಳು ನಾಡಿನ ಪ್ರತಿಯೊಂದು ಪಟ್ಟಣದ ಅಂಚಿನಲ್ಲೂ ತುಂಬಿಕೊಂಡವು. ಅಗ್ಗವೆಂದು ಕೊಂಡವರು ಬಡವರು, ಕೆಳಮಧ್ಯಮ ವರ್ಗದವರು. ಅವರ ಮೇಲೆ ತಪ್ಪು ಹೊರಿಸುವುದು ಸುಲಭ. ಅವರ ಕೈಗೆ ಎಟಕುವ ಬೆಲೆಯಲ್ಲಿ ಸಕ್ರಮವಾದ ನಿವೇಶನವನ್ನು ಒದಗಿಸಲಾಗಲಿಲ್ಲವಲ್ಲ ಎಂಬುದನ್ನೂ ಜೊತೆಗೆ ಹೇಳಬೇಕಾಗುತ್ತದೆ.

ಹೀಗೆ ಹುಟ್ಟಿದ ಬೀದಿಗಳ ಲಕ್ಷಣ ಎಲ್ಲರಿಗೂ ಪರಿಚಿತವಾದದ್ದೇ. ಹೊಲದ ಬದುವೇ ರಸ್ತೆಯ ಅಂಚು. ಆದ್ದರಿಂದ ರಸ್ತೆ ಬದುವಿನಂತೆಯೇ ಸೊಟ್ಟ. ಒಂದು ಸರ್ವೆ ನಂಬರಿನ ಚರಂಡಿ ಪಕ್ಕದ ಸರ್ವೆ ನಂಬರಿನ ಅಂಚಿಗೆ ಬಂದು ನಿಲ್ಲುತ್ತದೆ. ಮುಂದೆ ಎಲ್ಲಿಗೆ ಹೋಗಬೇಕೆಂದು ಅದಕ್ಕೂ ತಿಳಿಯದು. ಮಳೆಗಾಲದ ಮೊದಲ ಸಂಜೆ ಎರಡು ಬೀದಿಗಳವರು ಪರಿಚಯವಾಗುವುದು ಆ ನೀರಿನ ಜಗಳದಿಂದ. ಆಶ್ಚರ್ಯವೆಂದರೆ ಎಷ್ಟೋ ಬಡಾವಣೆಗಳಲ್ಲಿ ಸಂಘ ಹುಟ್ಟುವುದೂ ಆ ಜಗಳದಿಂದಲೇ. ಇಬ್ಬರು ಬೈದಾಡುತ್ತಾರೆ, ಮೂರನೆಯವರು ಸಮಾಧಾನ ಹೇಳುತ್ತಾರೆ, ನಾಲ್ಕನೆಯವರು ‘ನಗರಸಭೆಗೆ ಒಂದು ಅರ್ಜಿ ಕೊಡೋಣ’ ಎನ್ನುತ್ತಾರೆ. ಅರ್ಜಿಯ ಕೆಳಗೆ ಮೂವತ್ತು ಸಹಿಗಳು ಬೀಳುತ್ತವೆ. ಜಾತಿ, ಕಸಬು, ಹುಟ್ಟಿದೂರು ಯಾವುದರಲ್ಲೂ ಒಂದಾಗದ ಮೂವತ್ತು ಮನೆಗಳವರು ಒಂದೇ ಕಾಗದದ ಮೇಲೆ ಸೇರುವುದು ಅದೇ ಮೊದಲು. ಬಡಾವಣೆಯ ಮೊದಲ ಶಾಸನ ಯಾವುದೆಂದು ಯಾರಾದರೂ ಕೇಳಿದರೆ ಈ ಅರ್ಜಿಯನ್ನೇ ತೋರಿಸಬೇಕು.

ಕ್ಷೇಮಾಭಿವೃದ್ಧಿ ಸಂಘದ ಬಾಳು ಮುಂದೆ ಗೊತ್ತಾದ ಹಾದಿಯಲ್ಲಿ ಸಾಗುತ್ತದೆ. ಬೀದಿದೀಪ, ನೀರಿನ ಕೊಳಾಯಿ, ಗಣೇಶನ ಚಪ್ಪರ, ನವೆಂಬರಿನ ರಾಜ್ಯೋತ್ಸವ, ಮಕ್ಕಳಿಗೆ ಓಟದ ಪಂದ್ಯ, ಹೆಂಗಸರಿಗೆ ರಂಗವಲ್ಲಿಯ ಸ್ಪರ್ಧೆ. ಇವನ್ನು ಹಗುರವಾಗಿ ಕಾಣಬಾರದು. ಬಯಲುಸೀಮೆಯ ಬಡಾವಣೆಯಲ್ಲಿ ಎಲ್ಲರನ್ನೂ ಕಟ್ಟಿಹಾಕುವ ಹಗ್ಗವೆಂದರೆ ನೀರು. ತುಮಕೂರಿಗೆ ಒತ್ತಾಗಿರುವ ದೇವರಾಯನದುರ್ಗದ ಬೆಟ್ಟಗಳಲ್ಲಿ ಶಿಂಷೆಯೂ ಜಯಮಂಗಲಿಯೂ ಹುಟ್ಟುತ್ತವೆ. ಆದರೆ ಹುಟ್ಟಿದ ಹೊಳೆ ತವರಿನಲ್ಲಿ ನಿಲ್ಲುವುದಿಲ್ಲ. ಮೊದಲು ಮೈದಾಳದ ಕೆರೆ, ಆಮೇಲೆ ಬೀದಿಬೀದಿಯ ಕೊಳವೆಬಾವಿ, ಈಗ ಹಾಸನ ಜಿಲ್ಲೆಯ ಗೊರೂರಿನಿಂದ ನಾಲೆಯಲ್ಲಿ ಹರಿದುಬಂದು ಬುಗುಡನಹಳ್ಳಿಯಲ್ಲಿ ತಂಗುವ ಹೇಮಾವತಿ, ಹೀಗೆ ನಗರದ ಬಾಯಾರಿಕೆ ದೂರದೂರಕ್ಕೆ ಕೈಚಾಚಿದೆ. ನೀರು ಬಿಡುವ ದಿನ ಗೊತ್ತಿರುವವರು, ಪಕ್ಕದ ಮನೆಯವರು ಕೆಲಸಕ್ಕೆ ಹೋಗಿದ್ದರೆ ಅವರ ತೊಟ್ಟಿಗೂ ಕೊಳವೆ ಹಚ್ಚಿ ಬಿಡುವವರು ಬಹುಮಟ್ಟಿಗೆ ಹೆಂಗಸರು. ಸಂಘದ ದಫ್ತರದಲ್ಲಿ ಅಧ್ಯಕ್ಷ ಕಾರ್ಯದರ್ಶಿಗಳ ಹೆಸರಿರುತ್ತದೆ. ಬೀದಿಯನ್ನು ದಿನದಿನವೂ ನಡೆಸುವ ಈ ತಾಯಂದಿರ ಹೆಸರು ಇರುವುದಿಲ್ಲ. ಹಳ್ಳಿಯ ನೀರುಗಂಟಿಯ ಕೆಲಸವನ್ನು ಬಡಾವಣೆಯಲ್ಲಿ ವಹಿಸಿಕೊಂಡವರು ಇವರೇ.

ಈ ಸಂಘಗಳ ಲೋಪವೊಂದನ್ನು ಹೇಳದೆ ಬಿಡುವಂತಿಲ್ಲ. ಬಡಾವಣೆಯವರೆಂದರೆ ಯಾರು? ಬಹುತೇಕ ಸಂಘಗಳ ಉತ್ತರ: ಸ್ವಂತ ಮನೆಯುಳ್ಳವರು. ಬಾಡಿಗೆದಾರರು ಬಂದುಹೋಗುವವರು, ವಿದ್ಯಾರ್ಥಿಗಳು ಗಲಾಟೆಯವರು, ಹಮಾಲರು ಹೊರಗಿನವರು. ಬಟವಾಡಿಯಂಥ ಸ್ಥಳದಲ್ಲಿ ಈ ಎಣಿಕೆ ಎಷ್ಟು ಸಂಕುಚಿತವೆಂಬುದು ಎದ್ದು ಕಾಣುತ್ತದೆ. ಮಾರುಕಟ್ಟೆಯಲ್ಲಿ ಇಪ್ಪತ್ತು ವರ್ಷ ಮೂಟೆ ಹೊತ್ತ ಹಮಾಲ ಅಲ್ಲಿಯ ಪ್ರತಿಯೊಂದು ಕಲ್ಲನ್ನೂ ಬಲ್ಲ. ಮೊನ್ನೆ ನಿವೇಶನ ಕೊಂಡು ಬೇರೆ ಊರಿನಲ್ಲಿರುವ ಮಾಲೀಕ ಅದರ ದಿಕ್ಕನ್ನೂ ಅರಿಯ. ಇವರಲ್ಲಿ ಬಟವಾಡಿಯವನು ಯಾರು? ನಾಲ್ಕು ವರ್ಷ ಕೋಣೆಯಲ್ಲಿದ್ದು ಓದಿದ ಹುಡುಗಿ ಯಾವ ದೇಶಕ್ಕೆ ಹೋದರೂ ತನ್ನ ಯೌವನದ ಊರೆಂದು ನೆನೆಯುವುದು ಈ ಬೀದಿಯನ್ನೇ. ಅವಳಿಗೆ ನಾವು ಕೊಟ್ಟದ್ದು ಬಾಡಿಗೆಯ ರಸೀದಿಯಷ್ಟೇ ಆದರೆ ಅದು ನಮ್ಮ ಬಡತನ.

ಈ ವಿಷಯದಲ್ಲಿ ಬಟವಾಡಿಗೆ ಪಾಠ ದೂರದಿಂದ ಬರಬೇಕಾಗಿಲ್ಲ. ಪಕ್ಕದ ಸಿದ್ಧಗಂಗೆಯಲ್ಲಿ 1941ರಿಂದ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮಿಗಳು ಜಾತಿಮತಗಳ ಎಣಿಕೆಯಿಲ್ಲದೆ ಸಾವಿರಾರು ಬಡ ಮಕ್ಕಳಿಗೆ ಅನ್ನ, ಆಸರೆ, ಅಕ್ಷರಗಳನ್ನು ನೀಡಿದರು. ಮಕ್ಕಳ ಸಂಖ್ಯೆ ಹೆಚ್ಚಿದಂತೆ ರೈತರು ರಾಗಿ, ತೆಂಗಿನಕಾಯಿ, ತರಕಾರಿ ತಂದು ಒಪ್ಪಿಸಿದರು. ಶಿವರಾತ್ರಿಯ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತುಗಳ ಜೊತೆ ಬಂದಿಳಿಯುವ ರೈತನಿಗೆ ಯಾವ ಊರು, ಯಾವ ಕುಲ ಎಂದು ಕೇಳದೆ ಎಲೆ ಹಾಕುವುದು ಅಲ್ಲಿಯ ರೂಢಿ. 2019ರ ಜನವರಿ 21ರಂದು ಸ್ವಾಮಿಗಳು ಲಿಂಗೈಕ್ಯರಾದಾಗ ಲಕ್ಷಾಂತರ ಜನ ಈ ಹಾದಿಯಲ್ಲಿಯೇ ಹರಿದುಬಂದರು. ದಾಸೋಹವೆಂಬ ಮಾತಿಗೆ ಧಾರ್ಮಿಕವಾದ ಅರ್ಥ ಏನೇ ಇರಲಿ, ಅದರ ಸಾಮಾಜಿಕ ಅರ್ಥ ನಿಚ್ಚಳವಾಗಿದೆ: ಪಂಕ್ತಿಯಲ್ಲಿ ಕುಳಿತವನು ಆ ಹೊತ್ತಿಗೆ ಆ ಊರಿನವನು.

ಕೊನೆಯದಾಗಿ, ಹಂಚದ ಭಾಗವನ್ನು ಕಾಯುವ ಬಗೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಕಾದಿರಿಸಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಡಲು ಏರ್ಪಾಡಾಯಿತು. ಅಲ್ಲಿಯ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಆಸ್ಪತ್ರೆಯೂ ಜನೋಪಕಾರಿಯಲ್ಲವೆ, ನೆರೆಹೊರೆಯವರಿಗೆ ಇದನ್ನು ಪ್ರಶ್ನಿಸುವ ಹಕ್ಕು ಎಲ್ಲಿಯದು, ಎಂಬ ವಾದಗಳು ಎದ್ದವು. 1991ರಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳ ಪರವಾಗಿ ತೀರ್ಪಿತ್ತಿತು. ಉದ್ಯಾನಕ್ಕೆಂದು ಬಿಟ್ಟ ನೆಲವನ್ನು ಅಧಿಕಾರದಲ್ಲಿದ್ದವರು ತಮ್ಮ ಇಚ್ಛೆಯಂತೆ ಬೇರೆಯವರಿಗೆ ವಹಿಸಲಾಗದು. ಅದನ್ನು ಪ್ರಶ್ನಿಸುವ ಹಕ್ಕು ಬಡಾವಣೆಯ ನಿವಾಸಿಗಳಿಗೆ ಉಂಟು ಎಂದು ಸ್ಥಿರವಾಯಿತು. ನಮ್ಮ ರಾಜ್ಯದಲ್ಲಿ ಉದ್ಯಾನ, ಆಟದ ಬಯಲುಗಳ ರಕ್ಷಣೆಗೆಂದು 1985ರ ಶಾಸನವೊಂದಿದೆ. 1992ರ ಸಂವಿಧಾನದ 74ನೆಯ ತಿದ್ದುಪಡಿ ಮೂರು ಲಕ್ಷ ಅಥವಾ ಅದಕ್ಕೆ ಮೀರಿದ ಜನಸಂಖ್ಯೆಯ ನಗರಗಳಲ್ಲಿ ವಾರ್ಡು ಸಮಿತಿಗಳಿರಬೇಕೆಂದು ವಿಧಿಸುತ್ತದೆ. 2010ರಲ್ಲಿ ಮಹಾನಗರಪಾಲಿಕೆಯ ದರ್ಜೆಗೇರಿದ ತುಮಕೂರು 2011ರ ಜನಗಣತಿಯಲ್ಲಿ ಆ ಮೂರು ಲಕ್ಷದ ಗೆರೆಯನ್ನು ದಾಟಿತು. 2014ರ ನವೆಂಬರ್ 1ರಂದು ಸರ್ಕಾರದ ಕಾಗದಗಳಲ್ಲೂ ‘ತುಮಕೂರು’ ಎಂಬ ಕನ್ನಡದ ರೂಪವೇ ನಿಂತಿತು. 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಯೂ ಬಂತು. ಹೆಸರು, ದರ್ಜೆ, ಹಣ ಇವು ಮೇಲಿನಿಂದ ಬರಬಹುದು. ಶಾಸನವೂ ಬರಬಹುದು. ಬೀದಿಯ ತುದಿಯ ಬಯಲಿಗೆ ರಾತ್ರೋರಾತ್ರಿ ತಂತಿಬೇಲಿ ಬಿದ್ದಾಗ ‘ಇದು ನಮ್ಮೆಲ್ಲರದು’ ಎಂದು ಹೇಳುವ ಬಾಯಿ ಮಾತ್ರ ಬೀದಿಯಿಂದಲೇ ಬರಬೇಕು.

ಹಾಗೆ ಹೇಳಬೇಕಾದರೆ ಅದು ಎಲ್ಲರದೆಂಬ ನೆನಪು ಇರಬೇಕಾಗುತ್ತದೆ. ಹೀಗಾಗಿ ಚರಿತ್ರೆಯ ಮಾತು ಇಲ್ಲಿ ಪಾಂಡಿತ್ಯದ ಮಾತಲ್ಲ, ಸ್ವತ್ತಿನ ಮಾತು.

ಹಳೆಯ ಗ್ರಾಮನಕ್ಷೆಯಲ್ಲಿ ಹಳ್ಳ ಎಲ್ಲಿ ಹರಿಯುತ್ತಿತ್ತು, ತೋಪು ಎಲ್ಲಿತ್ತು, ಯಾವ ಹೊಲಕ್ಕೆ ಏನು ಹೆಸರಿತ್ತು ಎಂಬುದನ್ನು ಬಲ್ಲ ಹಿರಿಯರು ಪ್ರತಿಯೊಂದು ಬಡಾವಣೆಯೊಳಗಣ ಹಳೆಯ ಹಳ್ಳಿಯಲ್ಲೂ ಇದ್ದಾರೆ. ಅವರ ಸಂಖ್ಯೆ ವರ್ಷವರ್ಷಕ್ಕೆ ಕಡಿಮೆಯಾಗುತ್ತಿದೆ. ಸಂಘದವರು ಗಣೇಶೋತ್ಸವದ ಲೆಕ್ಕ ಬರೆಯುವ ಪುಸ್ತಕದಲ್ಲಿಯೇ ಕೆಲವು ಹಾಳೆಗಳನ್ನು ಇದಕ್ಕಾಗಿ ತೆಗೆದಿಡಲಿ. ಪಕ್ಕದಲ್ಲಿಯೇ ಕಾಲೇಜಿದೆ, ಓದುವ ಹುಡುಗರು ಒಂದು ರಜೆಯಲ್ಲಿ ಆ ಹಿರಿಯರ ಜೊತೆ ಬೀದಿ ಬೀದಿ ನಡೆದು, ಹಳೆಯ ನಕ್ಷೆಯನ್ನು ಹೊಸದರ ಮೇಲಿಟ್ಟು ಗುರುತು ಹಾಕಲಿ. ಮಂಡಿಯಲ್ಲಿ ದುಡಿಯುವವರ ನೆನಪುಗಳನ್ನೂ, ಕಾರ್ಖಾನೆಯಿಂದ ನಿವೃತ್ತರಾದವರ ನೆನಪುಗಳನ್ನೂ, ಬಾಡಿಗೆಯ ಮನೆಗಳಲ್ಲಿ ಬಾಳು ಸವೆಸಿದ ತಾಯಂದಿರ ನೆನಪುಗಳನ್ನೂ ಅದೇ ಹಾಳೆಗಳಲ್ಲಿ ಬರೆದುಕೊಳ್ಳಲಿ. ಇದಕ್ಕೆ ಸರ್ಕಾರದ ಅನುದಾನ ಬೇಡ, ವಿದ್ವಾಂಸರ ಅಪ್ಪಣೆ ಬೇಡ. ಒಂದು ಬಡಾವಣೆಯವರು ಇಷ್ಟನ್ನು ಮಾಡಿದರೂ, ಮುಂದೆ ಅಲ್ಲಿ ಹುಟ್ಟುವ ಮಗು ‘ನಮ್ಮೂರು ಯಾವುದು?’ ಎಂದು ಕೇಳಿದಾಗ ತಂದೆತಾಯಿಗಳು ತಾವು ಬಿಟ್ಟುಬಂದ ಹಳ್ಳಿಯ ಹೆಸರನ್ನು ಹೇಳಿ ಸುಮ್ಮನಾಗಬೇಕಾಗಿ ಬರದು. ಮಗುವಿನ ಕೈ ಹಿಡಿದು ಬೀದಿಗೆ ಕರೆದೊಯ್ದು, ಇದು ನಮ್ಮ ಊರು, ಇಲ್ಲಿ ಹಳ್ಳ ಹರಿಯುತ್ತಿತ್ತು, ಈ ಬಯಲು ನಿನ್ನದೂ ಹೌದು ಎಂದು ತೋರಿಸಬಹುದು.